ಎಂಬತ್ತು ಕಿಲೋ ಆಳು, ನಾಲ್ಕಿಂಚು ಹೀಲ್ಸು

ಗಂಡಸೊಬ್ಬರು ಚೀಲದಿಂದ ಒಂಬತ್ತನೇ ನಂಬರಿನ ಹೈ ಹೀಲ್ಸ್ ತೆಗೆದು ರಿಪೇರಿ ಬೆಂಚಿನ ಮೇಲಿಟ್ಟರೆ, ಕೆಲಸ ಕಲಿಯುವ ಹುಡುಗರ ಬಾಯಿಗೆ ಮೊದಲು ಬರುವುದು "ಯಾರದಣ್ಣ ಇದು?" ಅನ್ನೋ ಮಾತು. ಅದರಿಂದ ರಿಪೇರಿಗೆ ಮೂರು ಕಾಸಿನ ಉಪಯೋಗ ಇಲ್ಲ. ಕೇಳಬೇಕಾದ್ದು ಬೇರೆ: ಹಾಕಿಕೊಳ್ಳುವವರ ತೂಕ ಎಷ್ಟು, ಓಡಾಟ ಎಲ್ಲಿ? ಮನೆಯ ಟೈಲ್ಸ್ ಮೇಲೋ, ಸ್ಟೇಜಿನ ಹಲಗೆ ಮೇಲೋ, ಪಿ.ಬಿ. ರಸ್ತೆಯ ಮೇಲೋ? ಎಷ್ಟು ಮೊಳೆ, ಎಷ್ಟು ದಪ್ಪದ ಪಟ್ಟಿ, ಯಾವ ಗಮ್ಮು ಎಂಬುದೆಲ್ಲ ಈ ಉತ್ತರದ ಮೇಲೆ ನಿಂತಿದೆ.

ದಾವಣಗೆರೆ ಕಂಪನಿ ನಾಟಕದ ಊರು. ಸ್ತ್ರೀ ಪಾತ್ರದವರ ಪಾದರಕ್ಷೆ ಇಲ್ಲಿನ ಬೆಂಚುಗಳಿಗೆ ಹೊಸದಲ್ಲ. ಡ್ಯಾನ್ಸ್ ಹುಡುಗರದ್ದೂ ಬರುತ್ತವೆ. ಇವರಲ್ಲದೆ, ಪಾತ್ರ ಗೀತ್ರ ಏನೂ ಇಲ್ಲದೆ, ಇಷ್ಟಪಟ್ಟು ಹೀಲ್ಸ್ ಕೂಡಿಡುವ, ಹಾಕಿಕೊಳ್ಳುವ ಗಂಡಸರಿದ್ದಾರೆ. ಗಿರಾಕಿಗಳಲ್ಲಿ ಅತಿ ನಿಖರವಾಗಿ ಮಾತಾಡುವವರು ಇವರೇ. "ಎಡಗಾಲಿನ ಟಿಪ್ಪು ಒಳಗಡೆ ಎರಡು ಮಿಲಿಮೀಟರ್ ಸವೆದಿದೆ" ಅಂತ ಹೇಳಿ ಕೊಡುತ್ತಾರೆ. (ಟಿಪ್ಪು ಅಂದರೆ ಹೀಲಿನ ತುದಿಗೆ ಹೊಡೆಯುವ ಸಣ್ಣ ಬಿಲ್ಲೆ.) ಅಂಥವರ ಮುಂದೆ ಕಿಸಕ್ಕನೆ ನಕ್ಕರೆ ಒಳ್ಳೆ ಗಿರಾಕಿ ಹೋದ ಹಾಗೇ. ರಸೀದಿಗೆ ಹೆಸರು ಬೇಡ, ನಂಬರ್ ಸಾಕು. ರಿಪೇರಿ ಆದ ಜೋಡಿಯನ್ನು ಶೋಕೇಸಿನಲ್ಲಿ ನೇತುಹಾಕದೆ ಡಬ್ಬಿಯಲ್ಲಿಡಿ.

ಈಗ ತೂಕದ ಲೆಕ್ಕ. ಪೆನ್ಸಿಲ್ ಹೀಲಿನ ತುದಿ ಹೆಚ್ಚುಕಮ್ಮಿ ಒಂದು ಚದರ ಸೆಂಟಿಮೀಟರ್. ಎಂಬತ್ತು ಕಿಲೋ ಆಳು ಹೆಜ್ಜೆ ಊರುವಾಗ ಒಂದು ಕ್ಷಣ ಅಷ್ಟೂ ಭಾರ ಆ ಒಂದು ಸೆಂಟಿಮೀಟರಿನ ಮೇಲೆ ಬೀಳುತ್ತದೆ. ಅದೇ 4×4 ಸೆಂಟಿಮೀಟರಿನ ಬ್ಲಾಕ್ ಹೀಲ್ ಆದರೆ ಚದರ ಸೆಂಟಿಮೀಟರಿಗೆ ಐದೇ ಕಿಲೋ. ಅಂಗಡಿಯಲ್ಲಿ ಸಿಗುವ ಹೆಂಗಸರ ಹೀಲ್ಸನ್ನು ಇಷ್ಟು ತೂಕದ, ಇಷ್ಟು ಉದ್ದ ಹೆಜ್ಜೆಯ ಆಳನ್ನು ಎಣಿಸಿ ಮಾಡಿರುವುದಿಲ್ಲ. ಹಾಗಂತ ಹೀಲೇ ಮುರಿಯುತ್ತದೆ ಅಂದುಕೊಳ್ಳಬೇಡಿ. ಪೆನ್ಸಿಲ್ ಹೀಲಿನ ಒಳಗೆ ಉಕ್ಕಿನ ಕೊಳವೆ ಇರುತ್ತದೆ, ಸುಲಭಕ್ಕೆ ಜಗ್ಗದು. ಮೊದಲು ಸೋಲುವುದು ಹೀಲ್ ಕೂತಿರುವ ಜಾಗ, ಆಮೇಲೆ ಶ್ಯಾಂಕ್.

ಶ್ಯಾಂಕ್ ಅಂದರೆ ಹಿಮ್ಮಡಿಯಿಂದ ಪಾದದ ಉಬ್ಬಿನ ಹಿಂದಿನವರೆಗೆ ಅಟ್ಟೆಯ ಒಳಗೆ ಮಲಗಿರುವ ಉಕ್ಕಿನ ಪಟ್ಟಿ. ಪಾದದ ಕಮಾನಿನ ಕೆಳಗೆ ನೆಲದ ಆಸರೆ ಇಲ್ಲವಲ್ಲ, ಅಲ್ಲಿ ಭಾರ ಹೊರುವುದು ಈ ಪಟ್ಟಿ ಮಾತ್ರ. ಎರಡರಲ್ಲಿ ಯಾವುದು ಕೆಟ್ಟಿದೆ ಅಂತ ತಿಳಿಯಲು ಶೂ ಬಿಚ್ಚುವ ಮೊದಲೇ ಒಂದು ಪರೀಕ್ಷೆ ಮಾಡಬಹುದು. ಮುಂಭಾಗವನ್ನು ಬೆಂಚಿಗೆ ಒತ್ತಿ ಹಿಡಿದು, ಹೀಲನ್ನು ಹಿಂದಕ್ಕೆ ತಳ್ಳಿ. ಶೂವಿನ ನಡುವೇ ಬಾಗಿದರೆ ಶ್ಯಾಂಕ್ ಹೋಗಿದೆ. ನಡು ಗಟ್ಟಿಯಿದ್ದು, ಹೀಲಿಗೂ ಅಟ್ಟೆಗೂ ನಡುವೆ ಸಂದು ಬಾಯಿ ಬಿಟ್ಟರೆ ಮೊಳೆ ಸಡಿಲ.

ಮೊಳೆ ಸಡಿಲ ಅಂದಾಕ್ಷಣ ಸುತ್ತಿಗೆ ಎತ್ತುವವರೇ ಜಾಸ್ತಿ. ಅದೇ ರಂಧ್ರಕ್ಕೆ ಮತ್ತೆ ಬಡಿದರೆ ಗಿರಾಕಿ ಜಯದೇವ ಸರ್ಕಲ್ ದಾಟುವಷ್ಟರಲ್ಲಿ ಮತ್ತೆ ಅಲ್ಲಾಡುತ್ತದೆ. ಯಾಕೆಂದರೆ ಕೆಟ್ಟಿರುವುದು ಮೊಳೆಯಲ್ಲ, ಮೊಳೆ ಹಿಡಿದಿದ್ದ, ಪಾದದಡಿಯ ಇನ್‌ಸೋಲ್ ರಟ್ಟು. ಅಗ್ಗದ ಹೀಲ್ಸಿನಲ್ಲಿ ಅದು ಬರೀ ಕಾಗದದ ತಿರುಳಿನ ಹಲಗೆ. ಬೆವರು ಕುಡಿದೂ ಕುಡಿದೂ ನೆನೆದ ಮಂಡಕ್ಕಿ ಹಾಗಾಗಿರುತ್ತದೆ, ಉಗುರು ಒತ್ತಿದರೆ ಒಳಗೆ ಹೋಗುತ್ತದೆ.

ಸರಿಯಾದ ದಾರಿ ಹೀಗೆ. ಶೂವಿನ ಒಳಗೆ ಪಾದ ತಾಗುವ ಮೇಲಿನ ಪಾದಪಟ್ಟಿಯನ್ನು ಹೇರ್ ಡ್ರೈಯರಿನಿಂದ ಹದವಾಗಿ ಬಿಸಿ ಮಾಡಿ ಕಮಾನಿನವರೆಗೆ ಎತ್ತಿ. ಕೆಳಗೆ ನಾಲ್ಕೈದು ಮೊಳೆ, ಇಲ್ಲವೇ ನಡುವೆ ಒಂದು ಸ್ಕ್ರೂ, ಸುತ್ತ ನಾಲ್ಕು ಮೊಳೆ ಕಾಣುತ್ತವೆ. ಎಲ್ಲ ಕಿತ್ತು, ಮೆತ್ತಗಾದ ರಟ್ಟನ್ನು ಕೊರೆದು ತೆಗೆದು, ಎರಡು ಮಿಲಿಮೀಟರಿನ ಗಟ್ಟಿ ಫೈಬರ್ ಹಲಗೆಯ ತೇಪೆ ಕೂರಿಸಿ. ತೇಪೆ ಶ್ಯಾಂಕಿನ ಹಿಂತುದಿಯ ಮೇಲೆ ಹಾದು ಬರಬೇಕು. ಅಲ್ಲಿಗೇ ನಿಲ್ಲಿಸಿದರೆ ಭಾರವೆಲ್ಲ ಒಂದೇ ಗೆರೆಯ ಮೇಲೆ ಬಿದ್ದು ಆ ಗೆರೆಯಲ್ಲೇ ಮುರಿಯುತ್ತದೆ. ಹೀಲಿನ ಹಳೇ ರಂಧ್ರಗಳಿಗೆ ಎಪಾಕ್ಸಿ ತುಂಬಿ ಒಂದಿಡೀ ದಿನ ಒಣಗಲು ಬಿಡಿ. ಹೊಸ ರಂಧ್ರಗಳನ್ನು ಬೇರೆ ಜಾಗದಲ್ಲಿ ಎರಡು ಮಿಲಿಮೀಟರ್ ಡ್ರಿಲ್ ಬಿಟ್ಟಿನಿಂದ ಮೊದಲೇ ಕೊರೆದುಕೊಳ್ಳಿ. ಹೀಲು ಗಟ್ಟಿ ಎಬಿಎಸ್ ಪ್ಲಾಸ್ಟಿಕ್, ಕೊರೆಯದೆ ಬಡಿದರೆ ಸೀಳುತ್ತದೆ, ಸೀಳಿದ ಹೀಲು ಯಾವ ಗಮ್ಮಿಗೂ ನಿಲ್ಲದು. ನಡುವೆ ಸುಮಾರು 25 ಮಿಲಿಮೀಟರಿನ ಸ್ಕ್ರೂ, ಸುತ್ತ 18–20 ಮಿಲಿಮೀಟರಿನ ಸುರುಳಿ ಮೊಳೆ ನಾಲ್ಕು, ತುದಿ ಸ್ವಲ್ಪ ಒಳಮುಖವಾಗಿ ಇರಲಿ. ಹೀಲು ಸಣ್ಣದಿದ್ದರೆ ಮೊಳೆಯನ್ನು ಮೊದಲು ಹೊರಗೆ ಪಕ್ಕಕ್ಕೆ ಹಿಡಿದು ಅಳೆಯಿರಿ, ಇಲ್ಲದಿದ್ದರೆ ತುದಿ ಹೊರಗೆ ಇಣುಕುತ್ತದೆ. ತಲೆಗಳು ರಟ್ಟಿನ ಮಟ್ಟಕ್ಕೆ ಕೂತ ಮೇಲೆ ಒಂದು ಮಿಲಿಮೀಟರಿನ ತೊಗಲು ಅಂಟಿಸಿ ಪಾದಪಟ್ಟಿ ಮುಚ್ಚಿ. ಶ್ಯಾಂಕೇ ಹೋಗಿದ್ದರೆ ಅಟ್ಟೆ ಬಿಚ್ಚಬೇಕು, ಕೂಲಿ ಮೂರು ಪಟ್ಟಾಗುತ್ತದೆ. ಶೂವಿನ ಬೆಲೆಗಿಂತ ಹೆಚ್ಚಾದರೆ ಮುಲಾಜಿಲ್ಲದೆ ಹೇಳಿಬಿಡುವುದು ಒಳ್ಳೆಯದು.

ಗಮ್ಮಿನ ವಿಷಯದಲ್ಲಿ ನಮ್ಮ ಹವೆಯನ್ನು ಮರೆಯಬಾರದು. ರಬ್ಬರ್ ಸೊಲ್ಯೂಷನ್ನನ್ನು ಎರಡೂ ಕಡೆ ಬಳಿದು ಹತ್ತು ಹದಿನೈದು ನಿಮಿಷ ಬಿಡಿ ಅಂತ ಡಬ್ಬದ ಮೇಲೆ ಇರುತ್ತದೆ. ಏಪ್ರಿಲ್ಲಿನ ದಾವಣಗೆರೆಯಲ್ಲಿ ಅಷ್ಟು ಹೊತ್ತು ಬಿಟ್ಟರೆ ಕೆನೆ ಕಟ್ಟಿ ಸತ್ತುಹೋಗುತ್ತದೆ. ಗಡಿಯಾರ ನೋಡಬೇಡಿ, ಬೆರಳಿನ ಹಿಂಬದಿ ತಾಗಿಸಿ. ಅಂಟಿದಂತನಿಸಬೇಕು, ಎಳೆ ಬರಬಾರದು, ಆಗ ಒತ್ತಿ. ಮಳೆಗಾಲದಲ್ಲಿ ತದ್ವಿರುದ್ಧ: ಬಳಿದ ಮೇಲೆ ಬಿಳಿಚಿಕೊಂಡರೆ ಅದು ತೇವ ಹಿಡಿದದ್ದು, ಬಿಸಿಗಾಳಿ ಕೊಡದೆ ಜೋಡಿಸಬೇಡಿ. ನುಣುಪಾದ ಅಟ್ಟೆಯನ್ನು ಉಜ್ಜು ಕಾಗದದಿಂದ ಒರಟು ಮಾಡದೆ ಯಾವ ಗಮ್ಮನ್ನೂ ಬೈಯಬೇಡಿ.

ಟಿಪ್ಪು ಸಣ್ಣ ಕೆಲಸ, ಆದರೆ ಮಿಕ್ಕೆಲ್ಲ ಹಾಳಾಗುವುದು ಅಲ್ಲಿಂದಲೇ. ಒಳಗಿನ ಉಕ್ಕಿನ ಪಿನ್ನು ನೆಲಕ್ಕೆ ಟಕಟಕ ಅನ್ನುವ ಮೊದಲೇ ಬದಲಿಸಬೇಕು. ಪಿನ್ನಿನ ದಪ್ಪ ಸಾಮಾನ್ಯವಾಗಿ ಮೂರು ಮಿಲಿಮೀಟರ್ ಆಸುಪಾಸು. ಕ್ಯಾಲಿಪರಿನಲ್ಲಿ ಅಳೆದು ಅದೇ ಅಳತೆಯದು ಹಾಕಿ. ಸಡಿಲ ಪಿನ್ನಿಗೆ ದಾರ ಸುತ್ತಿ ಹೊಡೆದದ್ದು ಭಾರದ ಆಳಿನ ಕಾಲಲ್ಲಿ ವಾರ ನಿಲ್ಲದು. ಒಂದು ಕಾಲಿನದ್ದು ಮಾತ್ರ ಬದಲಿಸುವುದೂ ಬೇಡ, ಎರಡು ಮಿಲಿಮೀಟರಿನ ಏರುಪೇರು ಮೊಣಕಾಲಿಗೆ ಗೊತ್ತಾಗುತ್ತದೆ.

"ಸ್ವಲ್ಪ ಎತ್ತರ ಕಡಿಮೆ ಮಾಡಿಕೊಡಿ" ಅನ್ನುವವರಿಗೆ ಮಿತಿ ಹೇಳಿಬಿಡಿ: ಒಂದು ಸೆಂಟಿಮೀಟರ್. ಶ್ಯಾಂಕಿನ ಓರೆಯನ್ನು ಮೂಲ ಎತ್ತರಕ್ಕೆ ಬಗ್ಗಿಸಿರುತ್ತಾರೆ. ಹೀಲನ್ನು ಅದಕ್ಕಿಂತ ಹೆಚ್ಚು ಕತ್ತರಿಸಿದರೆ ಶೂವಿನ ಮೂತಿ ಮೇಲೇಳುತ್ತದೆ, ಹಾಕಿಕೊಂಡವರು ಹಿಂದಕ್ಕೆ ವಾಲುತ್ತಾರೆ. ಎತ್ತರ ಕಾಣಬೇಕು, ಕಾಲು ನೋಯಬಾರದು ಅನ್ನುವವರಿಗೆ ಪ್ಲಾಟ್‌ಫಾರ್ಮೇ ದಾರಿ. 12 ಸೆಂಟಿಮೀಟರ್ ಹೀಲಿಗೆ ಮುಂದೆ 3 ಸೆಂಟಿಮೀಟರ್ ದಪ್ಪ ಅಟ್ಟೆ ಇದ್ದರೆ ಪಾದಕ್ಕೆ ತಟ್ಟುವುದು 9 ಮಾತ್ರ. ಹೊಸಬರಿಗಾದರೆ 5 ಸೆಂಟಿಮೀಟರಿನ ಬ್ಲಾಕ್ ಹೀಲಿನಿಂದ ಶುರು ಮಾಡಿ ಅನ್ನಿ, ಬಿಚ್ಚಿದ ಮೇಲೆ ಮೀನಖಂಡ ಎಳೆದು ಸಡಿಲಿಸಲು ಹೇಳಿ.

ಸೈಜಿನ ಗೊಂದಲ ಗಂಡಸರಿಗೆ ದೊಡ್ಡ ತಲೆನೋವು. ಹೆಂಗಸರ ರೆಡಿ ಸ್ಟಾಕ್ ಹೆಚ್ಚಾಗಿ ಯುರೋಪಿನ 41ಕ್ಕೆ ಮುಗಿಯುತ್ತದೆ, ಅದಕ್ಕೇ ಇವರೆಲ್ಲ ಆನ್‌ಲೈನಿಗೆ ಹೋಗುತ್ತಾರೆ. ಸಂಜೆ ಹೊತ್ತು, ಕಾಗದದ ಮೇಲೆ ನಿಂತು, ಎರಡರಲ್ಲಿ ಉದ್ದದ ಪಾದವನ್ನು ಅಳೆಯಬೇಕು. ಸೆಂಟಿಮೀಟರಿಗೆ ಒಂದೂವರೆ ಕೂಡಿಸಿ ಒಂದೂವರೆಯಿಂದ ಗುಣಿಸಿದರೆ ಯುರೋಪಿನ ನಂಬರು: 27 ಸೆಂಟಿಮೀಟರಿಗೆ 42.75, ಅಂದರೆ 43. ಒಂದೊಂದು ನಂಬರಿಗೆ ವ್ಯತ್ಯಾಸ 6.67 ಮಿಲಿಮೀಟರ್. ಅಮೆರಿಕದ ನಂಬರಿನಲ್ಲಿ ಮಾತ್ರ ಗಂಡಸರ ಅಳತೆಗೆ ಒಂದೂವರೆ ಕೂಡಿಸಿದರೆ ಹೆಂಗಸರದ್ದು. ಅಷ್ಟಕ್ಕೇ ಮುಗಿಯಲಿಲ್ಲ. ಉದ್ದ ಒಂದೇ ಇದ್ದರೂ ಹೆಂಗಸರ ಶೂ ಮಾಡುವ ಅಚ್ಚು ಪಾದದ ಉಬ್ಬಿನ ಹತ್ತಿರ ಕಿರಿದು. ಬಿಗಿ ಅಂತ ಒಂದು ನಂಬರ್ ದೊಡ್ಡದು ತಗೊಂಡರೆ ಹಿಮ್ಮಡಿ ಜಾರುತ್ತದೆ, ಪಾದ ಮುಂದಕ್ಕೆ ಸರಿದು ಬೆರಳು ಇನ್ನೂ ಹಿಸುಕುತ್ತದೆ. ನಿಜವಾದ ತೊಗಲಾದರೆ ಸ್ಕ್ರೂ ತಿರುಗಿಸಿ ಹಿಗ್ಗಿಸುವ ಅಚ್ಚಿಗೆ ಹಾಕಿ, ಒಳಗೆ ಅರ್ಧ ಸ್ಪಿರಿಟ್ ಅರ್ಧ ನೀರು ಒರೆಸಿ, ಒಂದೆರಡು ದಿನ ಬಿಟ್ಟರೆ ಅಗಲದಲ್ಲಿ ಮೂರ್ನಾಲ್ಕು ಮಿಲಿಮೀಟರ್ ಸಿಗುತ್ತದೆ. ಉದ್ದ ಸಿಗದು. ರೆಕ್ಸಿನ್ ಹಿಗ್ಗುವುದಿಲ್ಲ, ಬಿರಿಯುತ್ತದೆ. ಕಾಲ್ಗಂಟಿನ ಪಟ್ಟಿ ಗಿಡ್ಡವಾದರೆ ಬಕಲ್ ಕಡೆ ಎಲಾಸ್ಟಿಕ್ ತುಂಡು ಸೇರಿಸಿ, ಕೆಲಸವೂ ಅಗ್ಗ.

ಚಿತ್ರದುರ್ಗದ ಕೋಟೆಯಲ್ಲಿ ಫೋಟೋ ತೆಗೆಸಬೇಕು ಅನ್ನುವವರು ಬರುತ್ತಾರೆ. ನುಣ್ಣಗೆ ಸವೆದ ಕಲ್ಲು ಮೆಟ್ಟಿಲಿಗೆ ಪೆನ್ಸಿಲ್ ಹೀಲೂ ಬೇಡ, ಬರಿ ತೊಗಲ ಅಟ್ಟೆಯೂ ಬೇಡ. ಮುಂಭಾಗಕ್ಕೆ ಎರಡು ಮಿಲಿಮೀಟರಿನ ರಬ್ಬರ್ ಅರ್ಧ ಅಟ್ಟೆ ಹಾಕಿಸಿ, ಶೂ ಕೈಯಲ್ಲಿ ಹಿಡಿದು ಮೇಲೆ ಹತ್ತಿ, ಸಮ ಜಾಗದಲ್ಲಿ ಹಾಕಿಕೊಳ್ಳಿ ಅಂತ ಹೇಳಿ ಕಳಿಸಿ.

"ಇದು ಹೆಂಗಸರ ವಸ್ತು, ನಿಮಗ್ಯಾಕೆ?" ಅಂತ ಬೆಂಚಿನ ಆಚೆ ಯಾರಾದರೂ ಮೂಗು ತೂರಿಸಿದರೆ ಹೇಳಲು ಒಂದು ಮಾತಿದೆ. ಹೀಲು ಮೊದಲು ಗಂಡಸರದ್ದು. ಪರ್ಷಿಯಾದ ಕುದುರೆ ಸವಾರರು ರಿಕಾಪಿನಲ್ಲಿ ಕಾಲು ನಿಲ್ಲಿಸಿ ಬಾಣ ಬಿಡಲು ಹಾಕುತ್ತಿದ್ದರು. ಫ್ರಾನ್ಸಿನ ಹದಿನಾಲ್ಕನೇ ಲೂಯಿಯ 1701ರ ಚಿತ್ರದಲ್ಲಿ ಅವನ ಕೆಂಪು ಹೀಲು ಎದ್ದು ಕಾಣುತ್ತದೆ. ಉಕ್ಕು ತುಂಬಿದ ಪೆನ್ಸಿಲ್ ಹೀಲು ಬಂದದ್ದು 1950ರ ದಶಕದಲ್ಲಿ.

ಕೂಡಿಡುವವರಿಗೆ ಶತ್ರು ಮನೆಯೊಳಗೇ ಇದೆ. ಯಾರ ಕಣ್ಣಿಗೂ ಬೀಳದಿರಲಿ ಅಂತ ಶೀಟಿನ ಕೆಳಗಿನ ಅಟ್ಟದ ಟ್ರಂಕಿನಲ್ಲಿ ಇಡುತ್ತಾರೆ. ಇಡೀ ಮನೆಯಲ್ಲಿ ಅತಿ ಬಿಸಿ ಜಾಗ ಅದೇ, ಬೇಸಿಗೆಯಲ್ಲಿ ಗಮ್ಮು ಮೆತ್ತಗಾಗಿ ಅಟ್ಟೆ ಬಿಡುತ್ತದೆ. ಕೆಳಗಿನ ಬೀರುವಿನ ತಳವೇ ಮೇಲು, ಬೀಗ ಹಾಕಿಕೊಳ್ಳಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ಮಳೆಗಾಲದಲ್ಲಿ ಬೂಸು. ಹಳೇ ಪಂಚೆಯ ಚೀಲ ಹೊಲಿಸಿ, ಒಂದೊಂದು ಶೂ ಬೇರೆ ಇಡಿ. ಮಿರುಗುವ ಪೇಟೆಂಟ್ ತೊಗಲಿನ ಕಪ್ಪು ಶೂ ಬಿಳಿ ಶೂಗೆ ತಾಗಿದರೆ ಬಣ್ಣ ಹತ್ತಿ ಮತ್ತೆ ಹೋಗದು. ಮೂತಿಗೆ ತುರುಕಲು ಬಿಳಿ ಕಾಗದವೇ ಆಗಬೇಕು, ಪೇಪರಿನ ಮಸಿ ಒಳಗೆ ಇಳಿಯುತ್ತದೆ.

ಪಿಯು (ಪಾಲಿಯುರೆಥೇನ್) ಅಟ್ಟೆಯ ಜೋಡಿಗಳಿಗೆ ಈ ಜೋಪಾನವೂ ಸಾಲದು. ಗಾಳಿಯ ತೇವಕ್ಕೇ ಒಳಗಿಂದ ಕೊಳೆತು, ಒಮ್ಮೆಯೂ ಹಾಕದೆ ಡಬ್ಬಿಯಲ್ಲಿಟ್ಟದ್ದೂ ಕೆಲವು ವರ್ಷಕ್ಕೆ ಪುಡಿಯಾಗುತ್ತದೆ. ಅಪರೂಪಕ್ಕೆ ಹೊರತೆಗೆದಾಗ ಹಾಕಿಕೊಳ್ಳುವ ಮೊದಲು ಅಟ್ಟೆಯ ಅಂಚನ್ನು ಹೆಬ್ಬೆರಳ ಉಗುರಿನಿಂದ ಒತ್ತಿ ನೋಡಿ. ಗುಂಡಿ ಬಿದ್ದು ಹಾಗೇ ನಿಂತರೆ, ಇಲ್ಲ ಪುಡಿ ಉದುರಿದರೆ, ಅದರಲ್ಲಿ ಮೆಟ್ಟಿಲು ಇಳಿಯಬೇಡಿ. ಮೇಲ್ಭಾಗ, ಹೀಲು, ಶ್ಯಾಂಕ್ ಚೆನ್ನಾಗಿದ್ದರೆ ಬಿಸಾಡುವುದೂ ಬೇಡ, ಕೊಳೆತದ್ದನ್ನು ಪೂರ್ತಿ ಕೆರೆದು ಮೂರು ಮಿಲಿಮೀಟರಿನ ರಬ್ಬರ್ ಅಟ್ಟೆ ಹಾಕಿಸಬಹುದು.