ಗಿಟ್ ಹೆಸರು ಬದಲಾವಣೆಯನ್ನು ಬರೆದಿಡುವುದಿಲ್ಲ, ಊಹಿಸುತ್ತದೆ

ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ಘಟಕದ ತೂಕ, ಔಟ್‌ಟರ್ನ್ (ಒಣ ಕಾಫಿಯ ಸಿಪ್ಪೆ ತೆಗೆದ ಮೇಲೆ ಸಿಗುವ ಬೀಜದ ಪ್ರಮಾಣ) ಮತ್ತು ಬಿಲ್ಲಿಂಗ್ ಸಾಫ್ಟ್‌ವೇರನ್ನು ನೋಡಿಕೊಳ್ಳುವ ನಾನು, ಪ್ರತಿ ತಿಂಗಳ ಬಿಡುಗಡೆಯ ಜೊತೆಗೆ ಕೋಡ್‌ನಲ್ಲಿ ಏನೇನು ಬದಲಾಯಿತು ಎಂಬ ಒಂದು ಪುಟದ ಸಾರಾಂಶವನ್ನೂ ಕಳುಹಿಸುತ್ತೇನೆ. ಹಿಂದಿನ ಬಿಡುಗಡೆಯನ್ನು ಹೊಸದರೊಂದಿಗೆ ಗಿಟ್ ಡಿಫ್‌ನಲ್ಲಿ (ಕೋಡ್‌ನ ಆವೃತ್ತಿಗಳನ್ನು ಕಾಪಿಡುವ ಗಿಟ್‌ನ ಹೋಲಿಕೆ ಆಜ್ಞೆ) ಹೋಲಿಸಿ ಅದನ್ನು ಸಿದ್ಧಪಡಿಸುವುದು ಒಂದು ಸ್ಕ್ರಿಪ್ಟ್.

ಒಮ್ಮೆ ಆ ಪುಟ ತಲುಪಿದ ಅರ್ಧ ಗಂಟೆಯೊಳಗೆ ಘಟಕದ ಮ್ಯಾನೇಜರ್ ಫೋನ್ ಮಾಡಿದರು. "ಸಾರ್, ಮೂವತ್ತೇಳು ಫೈಲ್ ತೆಗೆದಿದ್ದೀವಿ ಅಂತ ಹಾಕಿದ್ದೀರಲ್ಲ, ನಮ್ಮ ಔಟ್‌ಟರ್ನ್ ಲೆಕ್ಕ ಇದೆ ತಾನೆ?"

ಲೆಕ್ಕವೆಲ್ಲ ಇತ್ತು. 2014ರ ನವೆಂಬರ್ 1ರಂದು ಸರ್ಕಾರ ಊರಿನ ಇಂಗ್ಲಿಷ್ ಕಾಗುಣಿತವನ್ನು ಬದಲಿಸಿದ್ದರೂ ನಮ್ಮ ಒಂದು ಫೋಲ್ಡರ್ ಹಳೆಯ ಕಾಗುಣಿತದಲ್ಲಿಯೇ ಉಳಿದಿತ್ತು. ಅದನ್ನು ಆ ತಿಂಗಳು ತಿದ್ದಿದ್ದೆವು. (ಕನ್ನಡದಲ್ಲಿ ಊರಿನ ಹೆಸರು ಬದಲಾಗಿಯೇ ಇರಲಿಲ್ಲ ಎನ್ನುವುದು ಬೇರೆ ಮಾತು.) ಅದರೊಳಗಿನ 48 ಫೈಲ್‌ಗಳ ಪೈಕಿ 11 ಮಾತ್ರ ಹೆಸರು ಬದಲಾದವುಗಳೆಂದು ಕಾಣಿಸಿಕೊಂಡು, ಉಳಿದ 37 ಒಂದು ಕಡೆ ಅಳಿಸಿದವುಗಳಾಗಿ, ಇನ್ನೊಂದು ಕಡೆ ಹೊಸದಾಗಿ ಸೇರಿದವುಗಳಾಗಿ ಪಟ್ಟಿಯಲ್ಲಿ ಬಂದಿದ್ದವು.

ಗಿಟ್‌ನಂತಹದೇ ಇನ್ನೊಂದು ಸಾಧನವಾದ ಮರ್ಕ್ಯುರಿಯಲ್, ಹೆಸರು ಬದಲಾವಣೆಯನ್ನು ಕಮಿಟ್‌ನಲ್ಲಿಯೇ (ಒಂದು ಸಲದ ಬದಲಾವಣೆಗಳನ್ನು ಉಳಿಸಿಡುವ ನಮೂದು) ದಾಖಲಿಸುತ್ತದೆ. ಗಿಟ್ ಹಾಗೆ ಮಾಡುವುದಿಲ್ಲ. ಹೆಸರು ಬದಲಿಸುವ ಗಿಟ್ ಎಂವಿ ಆಜ್ಞೆಯನ್ನೇ ಕೊಟ್ಟಿದ್ದರೂ ಉಳಿಯುವುದು ಆ ಹೊತ್ತಿನಲ್ಲಿ ಯಾವ ಹೆಸರಿನಡಿ ಯಾವ ಫೈಲ್ ಇತ್ತು ಎಂಬುದಷ್ಟೇ. ಹೋಲಿಸುವಾಗ ಮಾತ್ರ ಅದು ಕಾಣೆಯಾದ ಫೈಲ್‌ಗಳನ್ನೂ ಹೊಸದಾಗಿ ಬಂದವುಗಳನ್ನೂ ಎದುರುಬದುರು ಇಟ್ಟು, ಒಳಗಿನದು ಕಿಂಚಿತ್ತೂ ಬದಲಾಗಿಲ್ಲದಿದ್ದರೆ ಹ್ಯಾಶ್ (ಒಳಗಿನದರಿಂದ ಲೆಕ್ಕಹಾಕಿದ ಗುರುತುಸಂಖ್ಯೆ) ನೋಡಿಯೇ ಜೋಡಿಸುತ್ತದೆ. ಬದಲಾಗಿದ್ದರೆ ಎಷ್ಟು ಭಾಗ ಉಳಿದಿದೆಯೆಂದು ಅಳೆದು, ಹೋಲಿಕೆ 50% ಮುಟ್ಟಿದರೆ ಹೆಸರು ಬದಲಾಗಿದೆಯೆಂದು ಊಹಿಸುತ್ತದೆ.

ಅದೇ ತಿಂಗಳು ನಾವು ಟ್ಯಾಬ್‌ಗಳನ್ನು ತೆಗೆದು ನಾಲ್ಕು ಸ್ಪೇಸ್‌ಗಳನ್ನು ಹಾಕಿದ್ದೆವು. ಕಣ್ಣಿಗೆ ಏನೂ ಬದಲಾಗಿರಲಿಲ್ಲ, ಆದರೆ ಗಿಟ್‌ನ ಅಳತೆಯಲ್ಲಿ ಒಳಸರಿದ ಪ್ರತಿಯೊಂದು ಸಾಲೂ ಹೊಸ ಸಾಲೇ. ಸ್ಪೇಸ್‌ಗಳನ್ನು ಕಡೆಗಣಿಸುವ ಡಬ್ಲ್ಯು ಆಯ್ಕೆಯನ್ನು ಕೊಟ್ಟರೆ ಸರಿಹೋದೀತೆಂದು ನಂಬಿ ಅರ್ಧ ದಿನ ಕಳೆದುಕೊಂಡೆ; ಅದು ತೋರಿಸುವ ಸಾಲುಗಳ ಮೇಲೆ ಕೆಲಸ ಮಾಡುತ್ತದೆಯೇ ಹೊರತು ಜೋಡಿ ಹುಡುಕುವ ಲೆಕ್ಕವನ್ನು ಮುಟ್ಟುವುದಿಲ್ಲ.

ಹೆಸರು ಬದಲಿಸುವುದನ್ನೂ ಒಳಗೆ ತಿದ್ದುವುದನ್ನೂ ಬೇರೆ ಬೇರೆ ಕಮಿಟ್ ಮಾಡಬೇಕೆಂದು ಎಲ್ಲರೂ ಹೇಳುತ್ತಾರೆ. ನಾವು ಹಾಗೆಯೇ ಮಾಡಿದ್ದೆವು. ಆದರೆ ನಮ್ಮ ಸ್ಕ್ರಿಪ್ಟ್ ಎರಡು ತುದಿಗಳನ್ನಷ್ಟೇ ನೋಡುತ್ತಿದ್ದುದರಿಂದ ನಡುವಿನ ಆ ಶಿಸ್ತು ಅದರ ಕಣ್ಣಿಗೆ ಬೀಳಲೇ ಇಲ್ಲ. ಈಗ ಅದು ಒಂದೊಂದೇ ಕಮಿಟ್ ಹಾದು, ಹಳೆಯ ಹೆಸರಿನಿಂದ ಹೊಸ ಹೆಸರಿಗೆ ಕೊಂಡಿ ಹಾಕುತ್ತ ಹೋಗಿ, ಕೊನೆಯಲ್ಲಿ ಹಿಂದಿನ ಬಿಡುಗಡೆಯ ಹಳೆಯ ಫೈಲನ್ನು ಇಂದಿನ ಹೊಸ ಫೈಲಿನೊಂದಿಗೆ ನೇರವಾಗಿ ಹೋಲಿಸುತ್ತದೆ. 48 ಫೈಲ್‌ಗಳೂ ಸರಿಯಾಗಿ ಜೋಡಿಯಾದವು.

ಊಹೆ ಮತ್ತೊಂದು ಕಡೆಯಿಂದಲೂ ತಪ್ಪುತ್ತದೆ. ಮರುತಿಂಗಳು ಹಳೆಯ ಅರೇಬಿಕಾ ದರಪಟ್ಟಿಯನ್ನು ತೆಗೆದು ಹೊಸದಾಗಿ ರೊಬಸ್ಟಾ ದರಪಟ್ಟಿಯನ್ನು ಸೇರಿಸಿದಾಗ, ಎರಡರ ತಲೆಬರಹವೂ ಕಾಲಂಗಳೂ ಒಂದೇ ಆಗಿದ್ದ ಕಾರಣಕ್ಕೆ, ಒಂದು ಇನ್ನೊಂದಾಯಿತೆಂದು ಸಾರಾಂಶ ಹೇಳಿತು. ದರಪಟ್ಟಿಗಳ ಫೋಲ್ಡರಿಗೆ ಮಾತ್ರ ಮಿತಿಯನ್ನು 90%ಗೆ ಏರಿಸಿದ್ದೇನೆ, ಮತ್ತು ಹೆಸರು ಬದಲಾಯಿತೆಂಬ ಪ್ರತಿ ಸಾಲಿನ ಪಕ್ಕದಲ್ಲಿ ಹೋಲಿಕೆಯ ಶೇಕಡಾವಾರನ್ನೂ ಮುದ್ರಿಸುತ್ತೇನೆ. ಮ್ಯಾನೇಜರ್ ಈಗ ಆ ಅಂಕಿಯನ್ನೇ ಮೊದಲು ನೋಡುತ್ತಾರೆ.