ಹದಿನೇಳು ಫೋಟೊ, ಒಂದು ಮೂಗು

ಸ್ಟುಡಿಯೋಕ್ಕೆ ಹೊಸ ಕ್ಯಾಮೆರಾ, ಹೊಸ ಲೈಟು, ಹೊಸ ಪ್ರಿಂಟರ್ ಏನೇ ಬರಲಿ, ಮೊದಲ ಗಿರಾಕಿ ನಾನೇ. ಸ್ಟೂಲಿನ ಮೇಲೆ ಕೂತು, ಕೆಲಸದ ಹುಡುಗನ ಕೈಯಿಂದ ಒಂದು ಪಾಸ್‌ಪೋರ್ಟ್ ಸೈಜ್ ಹೊಡೆಸಿಕೊಂಡು, ಹಿಂದೆ ತಾರೀಖು ಬರೆದು ಹಳೆಯ ಕವರೊಂದರಲ್ಲಿ ಹಾಕಿಡುತ್ತೇನೆ. 1996ರಿಂದ ಬಂದ ರೂಢಿ. ಈ ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ಕರೆಂಟ್ ಹೋಗಿತ್ತು. ಕಲಬುರಗಿಯ ಏಪ್ರಿಲ್ ಮಧ್ಯಾಹ್ನ ಎಂದರೆ ಸೂಪರ್ ಮಾರ್ಕೆಟ್ ಕಡೆ ನಾಯಿ ಕೂಡ ರಸ್ತೆ ದಾಟುವುದಿಲ್ಲ, ಗಿರಾಕಿಯ ಮಾತಂತೂ ದೂರ. ಬೇಸರಕ್ಕೆ ಆ ಕವರನ್ನು ಕೌಂಟರ್ ಮೇಲೆ ಸುರುವಿ, ತಾರೀಖಿನ ಪ್ರಕಾರ ಸಾಲಾಗಿ ಜೋಡಿಸಿದೆ. ಒಟ್ಟು ಹದಿನೇಳು.

ಕೂದಲು ಹೋಗಿದ್ದು ಗೊತ್ತೇ ಇತ್ತು. ಮೀಸೆ ಬಂದು ಹೋಗಿ ಮಾಡಿದ್ದೂ ಗೊತ್ತಿತ್ತು. ಗೊತ್ತಿಲ್ಲದೇ ಇದ್ದದ್ದು ಮೂಗು. ಮೊದಲ ಫೋಟೊದಲ್ಲಿ ಎರಡೂ ಹೊಳ್ಳೆಗಳ ತೂತು ಎರಡು ಕಪ್ಪು ಚುಕ್ಕಿ ಇಟ್ಟ ಹಾಗೆ ಕಾಣುತ್ತವೆ. 2009ರದರಲ್ಲಿ ಅರ್ಧ. ಕೊನೆಯದರಲ್ಲಿ ಇಲ್ಲವೇ ಇಲ್ಲ. ತುದಿ ಕೆಳಗೆ ಬಾಗಿ, ಬಾಗಿಲಿಗೆ ಪರದೆ ಇಳಿಬಿಟ್ಟಂತೆ ಎರಡನ್ನೂ ಮುಚ್ಚಿಬಿಟ್ಟಿದೆ. ನಡುವೆ ಒಂದು ಡುಬ್ಬವೂ ಎದ್ದಂತೆ ಕಾಣುತ್ತದೆ. ‘ವಯಸ್ಸಾದಂತೆ ಅಪ್ಪನ ಮೂಗು ಬರ್ತದ’ ಎಂದು ನಮ್ಮಲ್ಲಿ ಹೇಳುವುದುಂಟು. ನಮ್ಮಪ್ಪನದು ಮೊಂಡ ಮೂಗು. ಇದು ಯಾರದು ಎಂದು ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಲೆನ್ಸಿನ ಮೇಲೆ ಹಾಕಿ ಕೈತೊಳೆದುಕೊಳ್ಳೋಣವೆಂದರೆ ಅದಕ್ಕೂ ದಾರಿ ಇರಲಿಲ್ಲ. ಕ್ಯಾಮೆರಾ ಹತ್ತಿರ ಬಂದಷ್ಟೂ ಮೂಗು ಉಬ್ಬುತ್ತದೆ, ಕಿವಿ ಹಿಂದೆ ಸರಿಯುತ್ತದೆ. ಇದು ನಮ್ಮ ಧಂದೆಯ ಮೊದಲ ಪಾಠ. 2018ರಲ್ಲಿ ಅಮೆರಿಕದ ವೈದ್ಯರು ಇದರ ಲೆಕ್ಕವನ್ನೇ ಹಾಕಿದ್ದರು. ಹನ್ನೆರಡು ಇಂಚು ದೂರದಿಂದ ತೆಗೆದ ಸೆಲ್ಫಿಯಲ್ಲಿ ಮೂಗಿನ ಬುಡ, ಐದು ಅಡಿಯಿಂದ ತೆಗೆದದ್ದಕ್ಕಿಂತ ಸುಮಾರು ಶೇಕಡ 30ರಷ್ಟು ಅಗಲ ಕಾಣುತ್ತದಂತೆ. ಆದರೆ ನನ್ನ ಸ್ಟುಡಿಯೋದ ಫರಸಿಯ ಮೇಲೆ ಸ್ಟೂಲಿಗೊಂದು, ಟ್ರೈಪಾಡಿಗೊಂದು ಗುರುತು ಹಾಕಿಟ್ಟಿದ್ದೇನೆ. ನಡುವೆ ಆರು ಅಡಿ. ಹದಿನೇಳೂ ಅಲ್ಲಿಂದಲೇ ತೆಗೆದವು.

ಇನ್ನೊಬ್ಬರಾಗಿದ್ದರೆ ನಕ್ಕು ಕವರ್ ಮುಚ್ಚುತ್ತಿದ್ದರೇನೋ. ನನಗೆ ಆಗಲಿಲ್ಲ, ಯಾಕೆಂದರೆ ಜನರ ಮೂಗು ತಿದ್ದುವುದೇ ನನ್ನ ಅರ್ಧ ಉದ್ಯೋಗ. ಮಾಮಾನ ಸ್ಟುಡಿಯೋದಲ್ಲಿ ಕೆಲಸ ಕಲಿಯುವಾಗ ನೆಗೆಟಿವ್ ಮೇಲೆ ಸೂಜಿಯಂತೆ ಚೂಪು ಮಾಡಿದ ಪೆನ್ಸಿಲ್ ಆಡಿಸಿ ಮೊಡವೆ ಕಲೆ ಅಳಿಸುತ್ತಿದ್ದೆ. ಮೂಗಿನ ತಂಟೆಗೆ ಹೋಗಲು ಆಗ ಆಗುತ್ತಿರಲಿಲ್ಲ. ಕಂಪ್ಯೂಟರ್ ಬಂದ ಮೇಲೆ ಅದೂ ಶುರುವಾಯಿತು. ಫೋಟೊಶಾಪಿನಲ್ಲಿ ಲಿಕ್ವಿಫೈ ತೆಗೆದು, ಬ್ರಷ್ ದೊಡ್ಡದು ಮಾಡಿ, ಎರಡೂ ಕಡೆಯಿಂದ ಒಳಕ್ಕೆ ಒತ್ತಿದರೆ ಮುಗಿಯಿತು, ಗೋಧಿ ಹಿಟ್ಟಿನ ಉಂಡೆ ಒತ್ತಿದಂತೆ. ಮದುವೆಯ ಬಯೋಡಾಟಾ ಫೋಟೊ ಎಂದರೆ ಕೇಳುವುದೇ ಬೇಡ, ಕೈ ತಾನೇ ಮೂಗಿನ ಕಡೆ ಹೋಗುತ್ತದೆ.

ಒಬ್ಬ ಹುಡುಗಿಯನ್ನು ಮರೆಯಲಾಗಿಲ್ಲ. ಚಿತ್ತಾಪುರ ಕಡೆಯವಳು, ತಾಯಿ ಜೊತೆ ಬಂದಿದ್ದಳು. ಫೋಟೊ ಛಂದವೇ ಬಂದಿತ್ತು. ನಾನೇ ದೊಡ್ಡ ಉಪಕಾರ ಮಾಡುವವನ ಹಾಗೆ, “ಮೂಗ ಸ್ವಲ್ಪ ಸಣ್ಣ ಮಾಡ್ಲೇನವ್ವ?” ಎಂದೆ. ಅವಳ ಕೈ ತಟ್ಟನೆ ಮೂಗಿಗೆ ಹೋಯಿತು. ತನಗೆ ಅಲ್ಲೊಂದು ದೋಷವಿದೆ ಎಂದು ಆ ಕ್ಷಣದವರೆಗೆ ಅವಳಿಗೆ ಗೊತ್ತಿರಲಿಲ್ಲ ಎಂದು ಕಾಣುತ್ತದೆ. ತಾಯಿ “ಮಾಡ್ರಿ ಮಾಡ್ರಿ” ಎಂದಳು. ಮುಂದಿನ ವರ್ಷ ಅದೇ ಹುಡುಗಿ ಮತ್ತೊಂದು ಫೋಟೊಕ್ಕೆ ಬಂದಾಗ ಗದ್ದ ಕೆಳಗೆ ಮಾಡು ಎಂದು ಎಷ್ಟು ಸಲ ಹೇಳಿದರೂ ಮಾಡಲಿಲ್ಲ. ತಲೆ ಬಗ್ಗಿಸಿದರೆ ಮೂಗು ಉದ್ದ ಕಾಣುತ್ತದೆ ಎಂದು ಎಲ್ಲಿಂದಲೋ ಕಲಿತಿದ್ದಳು.

ಅಂಥ ನಾನು ಐವತ್ತೆರಡನೆಯ ವಯಸ್ಸಿನಲ್ಲಿ ಮೂಗಿನ ಡಾಕ್ಟರನ್ನು ಹುಡುಕಿದೆ. ಹೈದರಾಬಾದಿನಿಂದ ವಾರಕ್ಕೊಮ್ಮೆ ಬಂದು ಹೋಗುವ ಒಬ್ಬರ ಹೆಸರು ಸಿಕ್ಕಿತು. ಮನೆಯಲ್ಲಿ ಹೇಳಿದರೆ ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನೋಡಿದಳು. “ಈ ವಯಸ್ಸಿನ್ಯಾಗ ಯಾರಿಗ್ ತೋರ್ಸಬೇಕಾಗ್ಯದ?” ಅಷ್ಟೇ ಕೇಳಿ ಮತ್ತೆ ಬಡಿಯತೊಡಗಿದಳು, ಈ ಸಲ ಸ್ವಲ್ಪ ಜೋರಾಗಿ.

ದವಾಖಾನೆಯ ಗೋಡೆಗೆ ಒಂದು ಹಳೆಯ ಚಿತ್ರ ತೂಗುಹಾಕಿದ್ದರು. ರುಮಾಲು ಸುತ್ತಿದ ಮನುಷ್ಯ, ಹಣೆಯ ಮೇಲೆ ಗಾಯದ ಗುರುತು. ಕಾವಸ್‌ಜಿ ಎಂಬ ಗಾಡಿ ಹೊಡೆಯುವವನಂತೆ. ಟಿಪ್ಪು ಜೊತೆಗಿನ ಯುದ್ಧದಲ್ಲಿ ಇಂಗ್ಲಿಷರ ಕಡೆ ಇದ್ದು ಸೆರೆಸಿಕ್ಕಾಗ ಅವನ ಮೂಗು, ಒಂದು ಕೈ ಕತ್ತರಿಸಿದರು. ಪುಣೆ ಕಡೆಯ ಒಬ್ಬ ಕಸುಬುದಾರ ಹಣೆಯ ಚರ್ಮವನ್ನು ಕೆಳಗೆ ತಿರುಗಿಸಿ ಹೊಸ ಮೂಗು ಕೂಡಿಸಿದ. 1794ರಲ್ಲಿ ಅದು ಲಂಡನ್ನಿನ ಪತ್ರಿಕೆಯಲ್ಲಿ ಬಂದ ಮೇಲೆ ಅಲ್ಲಿಯ ವೈದ್ಯರು ಈ ವಿದ್ಯೆ ಕಲಿಯಲು ಹೊರಟರು. ಮೂಗು ಕೂಡಿಸುವುದು ನಮ್ಮಲ್ಲಿ ಸುಶ್ರುತನ ಕಾಲದಿಂದ ಇದ್ದ ವಿದ್ಯೆ. ನನಗೆ ಕಂಡದ್ದು ಆ ಮನುಷ್ಯ ಕೂತ ರೀತಿ. ಎದುರಾಎದುರು, ನೇರ ನೋಟ, ಏನನ್ನೂ ಮುಚ್ಚಿಲ್ಲ. ಇಲ್ಲದ ಮೂಗು ಬರಿಸಿಕೊಂಡವನ ಎದುರು ಇದ್ದ ಮೂಗಿನ ದೂರು ಹಿಡಿದು ನಾನು ಕೂತಿದ್ದೆ.

ಒಳಗೆ ಹೋದರೆ ಸಹಾಯಕ ಹುಡುಗ ಮೊಬೈಲನ್ನು ನನ್ನ ಮುಖದಿಂದ ಒಂದು ಗೇಣು ದೂರಕ್ಕೆ ತಂದು ಫೋಟೊ ತೆಗೆಯಲು ಹೊರಟ. ತಡೆಯಲಾಗಲಿಲ್ಲ. “ತಮ್ಮಾ, ಹಿಂದ ಸರಿ. ಐದಾರು ಅಡಿ. ಆಮ್ಯಾಲ ಝೂಮ್ ಮಾಡು” ಎಂದೆ. ಡಾಕ್ಟರು ನಕ್ಕುಬಿಟ್ಟರು. ಎದುರಿಗೊಂದು, ಎರಡು ಓರೆ, ಎರಡು ಪಕ್ಕ, ತಲೆ ಎತ್ತಿ ಕೆಳಗಿನಿಂದ ಒಂದು.

“ಮೂಗ ಬೆಳೆದಿಲ್ರಿ, ಇಳಿದದ” ಎಂದರು ಡಾಕ್ಟರು. ಮೇಲಿನ ಭಾಗ ಎಲುಬು, ಅದು ಅಷ್ಟೇ ಇದೆ. ಕೆಳಗಿನದು ಮೆತ್ತೆಲುಬು. ಅದನ್ನು ಎತ್ತಿ ಹಿಡಿದ ನಾರುಗಳು ವಯಸ್ಸಿಗೆ ಸಡಿಲಾಗುತ್ತವೆ, ಪೆಂಡಾಲಿನ ಹಗ್ಗ ಸಡಿಲಾದರೆ ಬಟ್ಟೆ ಜೋತುಬೀಳುವ ಹಾಗೆ. ತುದಿ ಇಳಿದಾಗ ಮೇಲೆ ಮೊದಲಿನಿಂದಲೇ ಇದ್ದ ಉಬ್ಬು ಎದ್ದು ಕಾಣುತ್ತದೆ. ಮೇಲಿನ ಹಲ್ಲು ಬಿದ್ದು ದವಡೆ ಸವೆದವರಿಗೆ ಇನ್ನೂ ಹೆಚ್ಚು. ಮೂವತ್ತು ವರ್ಷ ಕ್ಯಾಮೆರಾದ ಬೆನ್ನಿಗೆ ಮೂಗು ಒತ್ತಿದ್ದಕ್ಕೆ ಹೀಗಾಯಿತೇ ಎಂದು ಕೇಳಿದೆ. ನಾನು ಎಡಗಣ್ಣಲ್ಲಿ ನೋಡುವವನು, ನನ್ನ ಮೂಗಿನ ಜಿಡ್ಡು ಪ್ರತಿ ಕ್ಯಾಮೆರಾದ ಸ್ಕ್ರೀನಿನ ಬಲಗಡೆ ಮೆತ್ತಿರುತ್ತದೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದರು.

ಆಮೇಲೆ ಏನೂ ಹೇಳದೆ ಹೆಬ್ಬೆರಳಿನಿಂದ ನನ್ನ ಮೂಗಿನ ತುದಿಯನ್ನು ಮೆಲ್ಲಗೆ ಮೇಲೆತ್ತಿ, “ಈಗ ಉಸ್ರು ತಗೋರಿ” ಎಂದರು.

ಉಸಿರು ಒಳಗೆ ನುಗ್ಗಿತು. ಕಿಟಕಿ ತೆಗೆದಂತೆ. ದವಾಖಾನೆಯ ಫಿನಾಯಿಲ್ ವಾಸನೆ ಮೊದಲ ಸಲ ಮೂಗಿಗೆ ಬಡಿಯಿತು. ಬೆರಳು ಬಿಟ್ಟರು, ಮತ್ತೆ ಮೊದಲಿನ ಹಾಗೆ. ರಾತ್ರಿ ಗೊರಕೆ, ಬೆಳಿಗ್ಗೆ ಬಾಯಿ ಒಣಗುವುದು, ಇವನ್ನೆಲ್ಲ ಧೂಳಿನ ಲೆಕ್ಕಕ್ಕೆ ಬರೆದುಕೊಂಡು ಕೂತಿದ್ದೆ ಇಷ್ಟು ದಿನ.

ಒಂದು ಮಾತು ಒಪ್ಪಿಕೊಳ್ಳಬೇಕು. ಆ ಕ್ಷಣ ನನಗಾದ ಸಂತೋಷ ಉಸಿರಿನದಲ್ಲ. ಹೆಂಡತಿಗೆ ಹೇಳಲು ಕಾರಣ ಸಿಕ್ಕಿತಲ್ಲ ಎನ್ನುವ ಸಂತೋಷ. ‘ಛಂದ ಕಾಣ್ಲಿಕ್ಕಲ್ಲ, ಉಸ್ರಿಗೆ’ ಎಂದರೆ ಯಾರು ನಗುತ್ತಾರೆ?

ಡಾಕ್ಟರು ಮಾತ್ರ ನನ್ನನ್ನು ಅಷ್ಟು ಸುಲಭಕ್ಕೆ ಬಿಡಲಿಲ್ಲ. ಪೂರ್ತಿ ಅರವಳಿಕೆ ಕೊಡಬೇಕು, ಎರಡು ಮೂರು ತಾಸಿನ ಕೆಲಸ. ಮೂಗಿನ ನಡುಗೋಡೆಯಿಂದಲೋ ಕಿವಿಯಿಂದಲೋ ಮೆತ್ತೆಲುಬು ತೆಗೆದು ತುದಿಗೆ ಊರುಗೋಲು ಕೊಡುತ್ತಾರೆ. ವಾರದ ಮಟ್ಟಿಗೆ ಮೂಗಿನ ಮೇಲೆ ಪಟ್ಟಿ. ಕಣ್ಣ ಸುತ್ತ ಕಪ್ಪು, ಎರಡು ವಾರ. ಬಾವು ಪೂರ್ತಿ ಇಳಿಯಲು ವರ್ಷವಾದರೂ ಬೇಕು. ಮನಸ್ಸಿಗೆ ಬರದಿದ್ದರೆ ಅಲ್ಲಿಯವರೆಗೆ ಮತ್ತೆ ಕೈಹಾಕುವಂತಿಲ್ಲ. ಕೆಲವು ವಾರ ಮೂಗಿನ ಮೇಲೆ ಚಷ್ಮಾ ಇಡಬಾರದು. ಕ್ಯಾಮೆರಾ ಒತ್ತುವುದಂತೂ ಇಲ್ಲ. ಬರೀ ಚಂದಕ್ಕೆ ಎಂದರೆ ವಿಮೆಯವರು ಪೈಸೆ ಕೊಡುವುದಿಲ್ಲ. ನಾನು ಮನಸ್ಸಿನಲ್ಲೇ ಮದುವೆ ಮುಹೂರ್ತ ಎಣಿಸುತ್ತಿದ್ದೆ. ಹಿಡಿದ ಆರ್ಡರ್‌ಗಳಿದ್ದವು ಒಂಬತ್ತು.

ಕೊನೆಗೆ ಕಂಪ್ಯೂಟರಿನಲ್ಲಿ ನನ್ನ ಪಕ್ಕನೋಟ ತೆಗೆದು ಮೌಸಿನಿಂದ ತುದಿ ಮೇಲಕ್ಕೆ ಎಳೆದರು. ಅದೇ ಬ್ರಷ್ಷು. ನಾನು ದಿನಾ ಹಿಡಿಯುವ ಬ್ರಷ್ಷು! ಹಿಂದಿನ ಬಾಗಿಲ ಚೌಕಟ್ಟು ನನ್ನ ಮೂಗಿನ ಹತ್ತಿರ ಸ್ವಲ್ಪ ಡೊಂಕಾಗಿತ್ತು, ನಾವೂ ಅವಸರದಲ್ಲಿ ಬಿಡುವ ತಪ್ಪು. ಹೇಳಲಿಲ್ಲ. ಡಾಕ್ಟರೇ “ಇದು ಮಾತಾಡ್ಲಿಕ್ಕ ಅಷ್ಟ, ಹಿಂಗೇ ಆಗ್ತದ ಅಂತ ಹೇಳಂಗಿಲ್ಲ” ಎಂದರು. ಗಿರಾಕಿಗೆ ನಾನು ಈ ಮಾತು ಒಂದು ದಿನವೂ ಹೇಳಿದ್ದಿಲ್ಲ. ಸ್ಕ್ರೀನಿನ ಮೂಗು ಮಾತ್ರ, ಸುಳ್ಳೇಕೆ, ಛಂದಿತ್ತು.

“ಅವಸರ ಇಲ್ಲ. ರಾತ್ರಿ ಹಿಂಗ ಟೇಪ್ ಹಚ್ಚಿ ಮಲ್ಕೊಂಡು ನೋಡ್ರಿ” ಎಂದು ಕಾಗದದ ಟೇಪಿನ ಎರಡು ಪಟ್ಟಿ ಹರಿದು ಮೂಗಿನ ತುದಿಯಿಂದ ಹುಬ್ಬಿನ ನಡುವಿನವರೆಗೆ ಎಳೆದು ಅಂಟಿಸಿ ತೋರಿಸಿದರು. ಫೀ ಎಂಟುನೂರು. ಟೇಪು ಮೂವತ್ತು ರೂಪಾಯಿ, ಹೊರಗಿನ ಔಷಧ ಅಂಗಡಿಯಲ್ಲಿ.

ಮೊದಲ ರಾತ್ರಿ ಹೆಂಡತಿ ಕನ್ನಡಿಯಲ್ಲಿ ನನ್ನನ್ನು ನೋಡಿ ನೆಲಕ್ಕೆ ಕೂತು ನಕ್ಕಳು. “ಹಂದಿ ಮಾರಿ ಆಗ್ಯದ ನೋಡ್ರಿ!” ಮಗಳು ಫೋಟೊ ಹೊಡೆದು ಬಳಗದ ಗುಂಪಿಗೆ ಕಳಿಸುತ್ತೇನೆ ಎಂದಳು, ಬೈದು ಅಳಿಸಿಸಿದೆ.

ಆಪರೇಷನ್ ಚೀಟಿ ಇನ್ನೂ ಗಲ್ಲೆಯ ಕೆಳಗಿದೆ. ಆ ವಾರ ಬಂದ ಬಯೋಡಾಟಾದವರಿಗೆ ನಾನಾಗಿ ಏನೂ ಕೇಳಲಿಲ್ಲ. ಒಬ್ಬ ತಾಯಿ ತಾನೇ “ಮೂಗ ಸಣ್ಣ ಮಾಡ್ರಿ” ಎಂದಾಗ ಟ್ರೈಪಾಡನ್ನು ಎರಡು ಹೆಜ್ಜೆ ಹಿಂದೆ ಸರಿಸಿ, ಲೆನ್ಸ್ ಬದಲಿಸಿ, ಇನ್ನೊಂದು ಹೊಡೆದುಕೊಟ್ಟೆ. ಒಪ್ಪಿದರು. ಎಲ್ಲರೂ ಒಪ್ಪುವುದಿಲ್ಲ, ಒಪ್ಪದವರಿಗೆ ಬ್ರಷ್ ಹಿಡಿದೆ, ಅಂಗಡಿ ನಡೆಯಬೇಕಲ್ಲ.

ಮೊನ್ನೆ ಆಳಂದದಲ್ಲಿ ಮದುವೆ ಮುಗಿಸಿ ಮನೆ ಮುಟ್ಟಿದಾಗ ರಾತ್ರಿ ಹನ್ನೆರಡು ದಾಟಿತ್ತು. ಹಾಗೇ ಉರುಳಿಕೊಂಡೆ. ಅರೆನಿದ್ದೆಯಲ್ಲಿದ್ದ ಹೆಂಡತಿ ಮೊಳಕೈಯಿಂದ ತಿವಿದಳು. “ರೀ, ಟೇಪ್ ಹಚ್ಕೊಂಡಿಲ್ಲೇನು? ಏಳ್ರಿ, ಹಚ್ಕೊಂಡ್ ಮಲ್ಕೋರಿ.”