ಅಪ್ಪ ಮುಟ್ಟಿ ನೋಡಿದ ಪ್ಲಗ್ಗು

ರಾತ್ರಿ ಮೂರು ಗಂಟೆ ಇರಬಹುದು. ಕತ್ತಲಲ್ಲಿ ಅಮ್ಮ ಕರೆದಳು. "ಕಾಲು ಮರಗಟ್ಟಿದೆ ಕಣೇ. ಆ ಬಿಸಿಗಾಳಿ ನಿಂತೇ ಹೋಯ್ತಲ್ಲ?"

ಅದು ಅಮೆರಿಕದ ಯೂಟಾ ರಾಜ್ಯದ ಬ್ರೈಸ್ ಕ್ಯಾನ್ಯನ್ ನ್ಯಾಷನಲ್ ಪಾರ್ಕ್. ಅಕ್ಟೋಬರ್ ಕೊನೆಯ ವಾರ. ಎಂಟು ಸಾವಿರ ಅಡಿ ಎತ್ತರ, ಹೊರಗೆ ಮೈನಸ್ 6 ಡಿಗ್ರಿ. ನಾವು ನಾಲ್ಕು ಜನ ಬಾಡಿಗೆ ಕ್ಯಾಂಪರ್ ಒಳಗಿದ್ದೆವು: ಅಪ್ಪ, ಅಮ್ಮ, ನಾನು, ನನ್ನ ಗಂಡ. ನಮ್ಮ ಪಿಕಪ್ ಟ್ರಕ್ಕಿನ ಹಿಂದೆ ಕಟ್ಟಿ ಎಳೆಯುವ, ಇಪ್ಪತ್ತೆರಡು ಅಡಿ ಉದ್ದದ ಮನೆ ಅದು. ಅಡುಗೆ ಕಟ್ಟೆ, ಬಚ್ಚಲು, ಎರಡು ಹಾಸಿಗೆ, ಎಲ್ಲ ಇದೆ. ಅಪ್ಪ ಅಮ್ಮ ತೀರ್ಥಹಳ್ಳಿಯಿಂದ ಫೀನಿಕ್ಸ್‌ಗೆ ನಮ್ಮ ಮನೆಗೆ ಬಂದು ಒಂದು ತಿಂಗಳಾಗಿತ್ತು. ಅಮ್ಮನಿಗೆ ಮಂಡಿ ನೋವು, ಹೋಟೆಲ್‌ನಿಂದ ಹೋಟೆಲ್‌ಗೆ ಪೆಟ್ಟಿಗೆ ಹೊರುವ ಗೋಳು ಬೇಡ ಅಂತ ಕ್ಯಾಂಪರ್ ತಗೊಂಡಿದ್ದೆವು.

ಬಿಸಿಗಾಳಿ ಯಾಕೆ ನಿಂತಿತು ಅಂತ ಆಮೇಲೆ ಗೊತ್ತಾಯಿತು. ಕ್ಯಾಂಪರ್‌ನ ಫರ್ನೇಸ್ ಉರಿಯುವುದು ಗ್ಯಾಸಿನಿಂದ. ಆದರೆ ಗಾಳಿ ಊದುವ ಫ್ಯಾನ್ ತಿರುಗುವುದು 12 ವೋಲ್ಟ್ ಬ್ಯಾಟರಿಯಿಂದ. ಆ ಫ್ಯಾನ್ ಏಳೆಂಟು ಆಂಪ್ಸ್ ಎಳೆಯುತ್ತದೆ. ಅಷ್ಟು ಚಳಿಯಲ್ಲಿ ಅದು ರಾತ್ರಿಯಿಡೀ ಹತ್ತಿ ಆರಿ, ಹತ್ತಿ ಆರಿ, ಹಳೇ ಬ್ಯಾಟರಿಯನ್ನು ಬರಿದು ಮಾಡಿಬಿಟ್ಟಿತ್ತು. ಸಿಲಿಂಡರ್ ತುಂಬ ಗ್ಯಾಸ್ ಇದ್ದರೂ ಪ್ರಯೋಜನವಿಲ್ಲ. ಪಾರ್ಕಿನ ಒಳಗಿನ ಕ್ಯಾಂಪ್ ಜಾಗದಲ್ಲಿ ಕರೆಂಟ್ ಕನೆಕ್ಷನ್ ಇಲ್ಲ, ರಾತ್ರಿ ಜನರೇಟರ್ ಹಾಕುವಂತಿಲ್ಲ. ಗ್ಯಾಸ್ ಒಲೆ ಹಚ್ಚಿ ಮೈ ಕಾಯಿಸಿಕೊಳ್ಳೋಣ ಅಂದ ನನ್ನ ಗಂಡನನ್ನು ಅಪ್ಪ ತಡೆದರು. ಮುಚ್ಚಿದ ಪೆಟ್ಟಿಗೆಯಂಥ ಜಾಗದಲ್ಲಿ ಒಲೆ ಉರಿಸಿ ಮಲಗಿದರೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ. ವಾಸನೆ ಇಲ್ಲ, ಎಚ್ಚರವೂ ಆಗುವುದಿಲ್ಲ. ಇದ್ದಬದ್ದ ಬಟ್ಟೆಯನ್ನೆಲ್ಲ ಅಮ್ಮನ ಮೇಲೆ ಹೊದಿಸಿ ಬೆಳಕು ಹರಿಯುವುದನ್ನೇ ಕಾಯುತ್ತ ಕೂತೆವು.

ಬೆಳಿಗ್ಗೆ ಕಂಡ ಬ್ರೈಸ್ ಚೆಂದವೋ ಚೆಂದ. ಸಾವಿರಾರು ಕೆಂಪು ಕಲ್ಲಿನ ಕಂಬಗಳ ಮೇಲೆ ಬಿಸಿಲು ಒಂದೊಂದಾಗಿ ಇಳಿಯುವುದನ್ನು ನೋಡುತ್ತ ಅಮ್ಮ ರಾತ್ರಿಯ ಚಳಿಯನ್ನು ಮರೆತಳು. ನಾನು ಮರೆಯಲಿಲ್ಲ. ಮುಂದಿನ ಎರಡು ದಿನ ಜಯಾನ್ ಎಂಬ ಇನ್ನೊಂದು ಪಾರ್ಕಿನಲ್ಲಿ ಕಳೆದೆವು. ಅದು ಎತ್ತರದಲ್ಲಿ ಬ್ರೈಸ್‌ನ ಅರ್ಧ, ಚಳಿಯ ಮಾತೇ ಬರಲಿಲ್ಲ. ಆದರೆ ಕೊನೆಯ ಎರಡು ರಾತ್ರಿ ಗ್ರ್ಯಾಂಡ್ ಕ್ಯಾನ್ಯನ್‌ನ ದಕ್ಷಿಣ ಅಂಚಿನಲ್ಲಿ, ಸುಮಾರು 7,000 ಅಡಿ ಮೇಲೆ. ಅಲ್ಲಿ ಕರೆಂಟ್ ಇರುವ ಜಾಗ ಬುಕ್ ಆಗಿತ್ತು. ಹೀಟರ್ ತಗೊಂಡೇ ಹೋಗಬೇಕು ಅಂತ ದಾರಿಯಲ್ಲಿ ಕಾನಾಬ್ ಊರಿನಲ್ಲಿ ನಿಂತೆವು.

ಅಂಗಡಿಯ ಒಂದು ಸಾಲು ಪೂರ್ತಿ ಹೀಟರ್‌ಗಳು. ಸೆರಾಮಿಕ್ ಫ್ಯಾನ್ ಹೀಟರ್, ಇನ್‌ಫ್ರಾರೆಡ್, ಎಣ್ಣೆ ತುಂಬಿದ ರೇಡಿಯೇಟರ್. ಒಂದಕ್ಕೆ ಮೂವತ್ತು ಡಾಲರ್, ಇನ್ನೊಂದಕ್ಕೆ ನೂರೈವತ್ತು. ನಾನು ಡಬ್ಬಿಯ ಮೇಲಿನ ಹೊಗಳಿಕೆ ಓದುತ್ತಿದ್ದೆ. ಅಪ್ಪ ಎಲ್ಲ ಡಬ್ಬಿಗಳನ್ನೂ ತಿರುಗಿಸಿ ಹಿಂದಿನ ಅಂಕಿ ಮಾತ್ರ ನೋಡಿದರು. ಅವರು ಕೆಇಬಿಯಲ್ಲಿ ಲೈನ್‌ಮನ್ ಆಗಿ ಸೇರಿ, ಅದು ಕೆಪಿಟಿಸಿಎಲ್ ಆಗಿ, ಕಂಪನಿಗಳಾಗಿ ಒಡೆದ ಮೇಲೂ ದುಡಿದು ನಿವೃತ್ತರಾದವರು.

"ಎಲ್ಲಾದ್ರಲ್ಲೂ 1500 ವ್ಯಾಟೇ ಇದೆಯಲ್ಲ ಮಗಳೇ. ಅಂದ್ಮೇಲೆ ಎಲ್ಲಾ ಕೊಡೋ ಶಾಖ ಒಂದೇ. ಕೊಡೋ ರೀತಿ ಮಾತ್ರ ಬೇರೆ."

ಅದು ನಿಜ. ಫ್ಯಾನ್ ಹೀಟರ್ ಐದೇ ನಿಮಿಷದಲ್ಲಿ ಗಾಳಿ ಬಿಸಿ ಮಾಡುತ್ತದೆ, ಆರಿಸಿದ ಕೂಡಲೇ ಚಳಿ ವಾಪಸ್. ಇನ್‌ಫ್ರಾರೆಡ್ ಎದುರಿಗೆ ಕೂತವರಿಗೆ ಮಾತ್ರ ಹಿತ. ಎಣ್ಣೆ ರೇಡಿಯೇಟರ್ ಕಾಯಲು ಮುಕ್ಕಾಲು ಗಂಟೆ ಬೇಕು, ಆದರೆ ಬಚ್ಚಲ ಹಂಡೆಯ ಹಾಗೆ ಕಾವು ಹಿಡಿದಿಟ್ಟುಕೊಳ್ಳುತ್ತದೆ, ಸದ್ದೂ ಇಲ್ಲ. ನನಗೆ ಫ್ಯಾನ್ ಹೀಟರ್ ಇಷ್ಟವಾಯಿತು, ಅಪ್ಪನಿಗೆ ಎಣ್ಣೆಯದು. ಎರಡೂ ತಗೊಂಡೆವು. ಅಮ್ಮನಿಗೆ ಒಂದು ಎಲೆಕ್ಟ್ರಿಕ್ ಕಂಬಳಿ.

ದಕ್ಷಿಣ ಅಂಚಿಗೆ ಬಂದಾಗ ಕತ್ತಲು. ನಮ್ಮದು 30 ಆಂಪ್ಸ್ ಕನೆಕ್ಷನ್. ಇಲ್ಲಿ 120 ವೋಲ್ಟ್ ಆದ್ದರಿಂದ ಒಟ್ಟು 3600 ವ್ಯಾಟ್. ಹೀಟರ್ 1500, ಕ್ಯಾಂಪರ್‌ನ ಗೀಸರ್ 1440. ಅಲ್ಲಿಗೇ ಮುಗಿಯಿತು. ಸಾರು ಬಿಸಿ ಮಾಡಲು ಮೈಕ್ರೋವೇವ್ ಹಾಕಿದ್ದೇ ತಡ, ಎಲ್ಲ ಕತ್ತಲು. ಗೀಸರನ್ನು ಗ್ಯಾಸಿಗೆ ತಿರುಗಿಸಿದ ಮೇಲೆ ಸರಿಹೋಯಿತು. ಹೀಟರ್ ಹಾಕಿದ ಮೇಲೆ ಟ್ರಿಪ್ ಆಗುವುದೊಂದೇ ತೊಂದರೆ ಅಂತ ನಾನು ಅಂದುಕೊಂಡಿದ್ದೆ.

ಫ್ಯಾನ್ ಹೀಟರ್ ಅಮ್ಮನ ಹಾಸಿಗೆಯ ಹತ್ತಿರ ಇಡಬೇಕಿತ್ತು. ಗೋಡೆಯ ಪ್ಲಗ್ ದೂರ. ಕ್ಯಾಂಪರ್ ಕೊಟ್ಟವರೇ ಕಪಾಟಿನಲ್ಲಿ ಒಂದು ಎಕ್ಸ್‌ಟೆನ್ಷನ್ ಬೋರ್ಡ್ ಇಟ್ಟಿದ್ದರು, 'ಹೀಟರ್‌ಗೆ ಇದನ್ನು ಬಳಸಿ' ಅಂತ ಹೇಳಿಯೂ ಇದ್ದರು. ಹಾಗೇ ಮಾಡಿದೆ. ಈಗಲೂ ಆ ಮಾತು ನೆನೆದರೆ ಸಿಟ್ಟು ಬರುತ್ತದೆ.

ಹತ್ತೂವರೆಗೆ ಅಪ್ಪ ಬಚ್ಚಲಿಗೆ ಎದ್ದವರು ದಾರಿಯಲ್ಲೇ ನಿಂತರು. ಮೂಗು ಎತ್ತಿ ಎರಡು ಸಲ ಗಾಳಿ ಎಳೆದುಕೊಂಡರು. ನನಗೆ ಏನೂ ಗೊತ್ತಾಗಲಿಲ್ಲ. ಅವರು ಬಗ್ಗಿ, ಬೋರ್ಡಿನಲ್ಲಿದ್ದ ಪ್ಲಗ್ಗಿಗೆ ಬೆರಳಿನ ಹಿಂಭಾಗ ತಾಗಿಸಿದರು. ತಕ್ಷಣ ಕೈ ಹಿಂದೆಗೆದು, ಸೀದಾ ಪ್ಯಾನೆಲ್‌ಗೆ ಹೋಗಿ ಬ್ರೇಕರ್ ಇಳಿಸಿದರು. ಆಮೇಲೆ ಟಾರ್ಚ್ ಹಿಡಿದು ಪ್ಲಗ್ ಕಿತ್ತು ತೋರಿಸಿದರು. ಬಿಳಿ ಪ್ಲಾಸ್ಟಿಕ್ ಒಂದು ಪಿನ್ನಿನ ಸುತ್ತ ಕಂದು ಬಣ್ಣಕ್ಕೆ ತಿರುಗಿ ಮೆತ್ತಗಾಗಿತ್ತು. ಬೋರ್ಡಿನ ತೂತು ಕಪ್ಪಾಗಿತ್ತು. ಅಮ್ಮನ ದಿಂಬು ಅಲ್ಲಿಂದ ಒಂದು ಗೇಣು ದೂರ.

"ಬ್ರೇಕರ್ ಯಾಕಪ್ಪ ಟ್ರಿಪ್ ಆಗ್ಲಿಲ್ಲ?" ನನ್ನ ಧ್ವನಿ ನಡುಗುತ್ತಿತ್ತು.

"ಯಾಕೆ ಆಗಬೇಕು? ಕರೆಂಟು ಎಷ್ಟು ಹರೀತಿದೆ ಅನ್ನೋದಷ್ಟೇ ಅದು ನೋಡೋದು. ಹರಿದಿದ್ದು ಹನ್ನೆರಡೂವರೆ ಆಂಪ್ಸ್, ಈ ಪ್ಲಗ್ಗಿನ ಬ್ರೇಕರ್ ಮಿತಿ ಹದಿನೈದು. ಜಾಯಿಂಟ್ ಸುಡ್ತಿದೆ ಅಂತ ಅದಕ್ಕೆ ಯಾರು ಹೇಳ್ತಾರೆ?"

"ಊರಲ್ಲೂ ಹೀಟರ್ ಹಾಕ್ತೀವಲ್ಲ. ಹೀಗೆ ಆಗಿದ್ದು ನಾನು ನೋಡೇ ಇಲ್ಲ."

ಅಪ್ಪ ಹಾಸಿಗೆಯ ಅಂಚಿನಲ್ಲಿ ಕೂತು, ಅಂಗಡಿಯ ಚೀಟಿಯ ಹಿಂದೆ ಬರೆದರು. ನಮ್ಮಲ್ಲಿ 230 ವೋಲ್ಟ್. 1500 ವ್ಯಾಟ್ ಹೀಟರ್ ಎಳೆಯುವುದು ಆರೂವರೆ ಆಂಪ್ಸ್. ಅದಕ್ಕೂ ನಾವು ದಪ್ಪ ಪಿನ್ನಿನ ಪವರ್ ಪ್ಲಗ್ ಬಳಸುತ್ತೇವೆ. ಇಲ್ಲಿ ವೋಲ್ಟ್ ಹೆಚ್ಚುಕಮ್ಮಿ ಅರ್ಧ, ಅದಕ್ಕೆ ಕರೆಂಟು ಹೆಚ್ಚುಕಮ್ಮಿ ಎರಡರಷ್ಟು.

"ಕರೆಂಟು ಎರಡು ಪಟ್ಟಾದ್ರೆ ಲೂಸ್ ಕಾಂಟ್ಯಾಕ್ಟ್‌ನಲ್ಲಿ ಹುಟ್ಟೋ ಬಿಸಿ ಎರಡು ಪಟ್ಟಾಗಲ್ಲ, ನಾಲ್ಕು ಪಟ್ಟಾಗುತ್ತೆ. ನಾನು ಸರ್ವಿಸ್‌ನಲ್ಲಿ ನೋಡಿದ ಬೆಂಕಿಯಲ್ಲಿ ಮುಕ್ಕಾಲು ಪಾಲು ಲೂಸ್ ಜಾಯಿಂಟಿಂದ್ಲೇ ಹತ್ತಿದ್ದು. ತಂತಿ ಸುಟ್ಟಿದ್ದು ಕಡಿಮೆ, ಕಂಬದ ಮೇಲೆ ತಂತಿಗೆ ತಂತಿ ಕೂಡಿಸೋ ಜಂಪರ್ ಸುಟ್ಟಿದ್ದೇ ಜಾಸ್ತಿ."

"ಹಾಗಾದ್ರೆ ಇಲ್ಲಿ ಹೀಟರ್ ಹಾಕಲೇಬಾರದಾ?"

"ಹಾಕಬಹುದು. ಸಂಜೆ ಎದ್ದಿರೋವಾಗ ಎರಡು ಗಂಟೆ ಫುಲ್ ಇಡು. ರಾತ್ರಿಯಿಡೀ ಓಡೋದಕ್ಕೆ ಇಳಿಸಿಡು. 1500ರಿಂದ 900ಕ್ಕೆ ಬಂದ್ರೆ ಪ್ಲಗ್ಗಿನ ಬಿಸಿ ಹತ್ತಿರ ಹತ್ತಿರ ಮೂರನೇ ಒಂದು ಪಾಲಿಗೆ ಇಳಿಯುತ್ತೆ. ಗೋಡೆ ಪ್ಲಗ್ಗಿಗೇ ಹಾಕು, ನಡುವೆ ಏನೂ ಬೇಡ. ಅರ್ಧ ಗಂಟೆ ಆದ್ಮೇಲೆ ಮುಟ್ಟಿ ನೋಡು. ಬೆಚ್ಚಗಿದ್ರೆ ಪರವಾಗಿಲ್ಲ. ಬೆರಳು ಇಡೋಕಾಗ್ದಿದ್ರೆ ಕಿತ್ತುಬಿಡು."

ಅಮ್ಮ ಎದ್ದು ಕೂತಿದ್ದಳು. "ಒಂಬೈನೂರು ಸಾಕಾಗುತ್ತಾ ನಂಗೆ?"

"ನಿಂಗೆ ಮನೆ ಪೂರ್ತಿ ಕಾಯಬೇಕಾ, ಹಾಸಿಗೆ ಕಾದ್ರೆ ಸಾಕಾ?" ಅಂದರು ಅಪ್ಪ. ಎಲೆಕ್ಟ್ರಿಕ್ ಕಂಬಳಿ ತೆಗೆದುಕೊಳ್ಳುವುದು ನೂರು ವ್ಯಾಟ್ ಅಷ್ಟೇ. ಅದನ್ನು ಅವಳ ಮೇಲೆ ಹೊದಿಸಿದರು. ಎಣ್ಣೆ ರೇಡಿಯೇಟರನ್ನು ಬಟ್ಟೆಬರೆಯಿಂದ ದೂರವಿಟ್ಟು, ಅಡುಗೆ ಕಟ್ಟೆಯ ಪಕ್ಕದ ಗೋಡೆಗೆ ಹಾಕಿ 900ರಲ್ಲಿ ನಿಲ್ಲಿಸಿದರು. ನಾನು ಗ್ಯಾಸ್ ಫರ್ನೇಸನ್ನು 60 ಫ್ಯಾರನ್‌ಹೀಟ್‌ಗೆ, ಅಂದರೆ ಸುಮಾರು 16 ಡಿಗ್ರಿಗೆ ಇಟ್ಟೆ. ಕರೆಂಟ್ ಇದ್ದದ್ದರಿಂದ ಬ್ಯಾಟರಿಯ ಭಯ ಇರಲಿಲ್ಲ. ಬರೀ ಕರೆಂಟ್ ಹೀಟರ್ ನಂಬಿದರೆ ಇನ್ನೊಂದು ಅಪಾಯವಿದೆ: ನಮ್ಮ ಕ್ಯಾಂಪರ್‌ನಲ್ಲಿ ತಳದ ನೀರಿನ ಟ್ಯಾಂಕಿಗೆ ಬೆಚ್ಚನೆ ಗಾಳಿ ಹೋಗುವುದು ಫರ್ನೇಸ್‌ನ ಕೊಳವೆಯಿಂದ. ಒಳಗೆ ನಾವು ಬೆಚ್ಚಗಿದ್ದು ಕೆಳಗೆ ಪೈಪು ಹೆಪ್ಪುಗಟ್ಟಿ ಒಡೆಯಬಹುದು. ಹೊರಗಿನ ನೀರಿನ ಪೈಪನ್ನೂ ಬಿಚ್ಚಿಟ್ಟೆವು.

ಅಪ್ಪ ಹನ್ನೊಂದೂವರೆಗೆ ಎದ್ದು ಪ್ಲಗ್ ಮುಟ್ಟಿದರು. ಒಂದು ಗಂಟೆಗೆ ಮತ್ತೆ. ನಾಲ್ಕಕ್ಕೆ ಮತ್ತೆ. ನಾನು ಕಣ್ಣು ಮುಚ್ಚಿಕೊಂಡೇ ಅವರ ಹೆಜ್ಜೆ ಕೇಳುತ್ತಿದ್ದೆ. ಚಿಕ್ಕವಳಿದ್ದಾಗ ಮಳೆಗಾಲದ ರಾತ್ರಿ ಲೈನ್ ಹೋಗಿದೆ ಅಂತ ಯಾರೋ ಬಂದು ಬಾಗಿಲು ಬಡಿದರೆ, ಹೀಗೇ ಸದ್ದಿಲ್ಲದೆ ಎದ್ದು, ಟಾರ್ಚ್ ತಗೊಂಡು, ಅಮ್ಮನನ್ನು ಎಬ್ಬಿಸದೆ ಹೋಗುತ್ತಿದ್ದರು. ಅವರು ಅಲ್ಲಿ ಮಾಡುತ್ತಿದ್ದ ಕೆಲಸ ಏನು ಅಂತ ನಾನು ಮೊದಲ ಸಲ ಹತ್ತಿರದಿಂದ ನೋಡಿದ್ದು ಈ ರಾತ್ರಿ, ಊರಿಂದ ಇಷ್ಟು ದೂರ ಬಂದು.

ಬೆಳಿಗ್ಗೆ ಹೊರಗೆ ಮೈನಸ್ 3, ಒಳಗೆ 16. ಅಮ್ಮ ಗಡದ್ದಾಗಿ ನಿದ್ದೆ ಮಾಡಿದ್ದಳು. ಆದರೆ ಕಿಟಕಿಯ ಗಾಜಿನಿಂದ ನೀರು ಇಳಿದು ಅವಳ ಶಾಲಿನ ಅಂಚು ತೊಯ್ದಿತ್ತು. ನಾಲ್ಕು ಜನರ ಉಸಿರು ಹೊರಗೆ ಹೋಗಲು ದಾರಿಯಿಲ್ಲದೆ ತಣ್ಣನೆ ಗಾಜಿನ ಮೇಲೆ ನೀರಾಗಿತ್ತು. ಎರಡನೇ ರಾತ್ರಿ ಚಾವಣಿಯ ಕಿಂಡಿಯನ್ನು ಎರಡು ಬೆರಳಷ್ಟು ತೆರೆದಿಟ್ಟೆವು. ಗಾಜು ಒಣಗಿಯೇ ಇತ್ತು.

ಗ್ರ್ಯಾಂಡ್ ಕ್ಯಾನ್ಯನ್ ಬಗ್ಗೆ ಬರೆದವರು ಬೇಕಾದಷ್ಟಿದ್ದಾರೆ. ಮೇದರ್ ಪಾಯಿಂಟ್‌ನಲ್ಲಿ ಅಮ್ಮ ಕಂಬಿ ಹಿಡಿದು ನಿಂತು ಬಹಳ ಹೊತ್ತು ಮಾತೇ ಆಡಲಿಲ್ಲ ಅಂತ ಹೇಳಿದರೆ ಸಾಕು.

ಫೀನಿಕ್ಸ್‌ನಲ್ಲಿ ಕ್ಯಾಂಪರ್ ವಾಪಸ್ ಕೊಡುವಾಗ ಅಪ್ಪ ಆ ಬೋರ್ಡನ್ನು ಪೇಪರಿನಲ್ಲಿ ಸುತ್ತಿ ಕೈಯಲ್ಲೇ ಹಿಡಿದುಕೊಂಡು ಬಂದಿದ್ದರು. ಬಾಡಿಗೆಗೆ ಕೊಟ್ಟವರ ಎದುರು ಬಿಚ್ಚಿ, ಕಪ್ಪಾದ ತೂತಿನ ಮೇಲೆ ಬೆರಳಿಟ್ಟು ತೋರಿಸಿದರು. ಅವರು ಗಾಬರಿಯಾಗಿ ಕ್ಷಮೆ ಕೇಳಿದರು. ಹೊಸ ಬೋರ್ಡ್ ತಂದಿಡುತ್ತೇನೆ ಅಂದರು.

"ಹೊಸದೂ ಬೇಡ ಅನ್ನು. ಹೀಟರನ್ನ ಗೋಡೆಗೇ ಹಾಕಿ ಅಂತ ಒಂದು ಚೀಟಿ ಬರೆದು ಅಂಟಿಸಲಿ" ಅಂದರು ಅಪ್ಪ ನನಗೆ. ನಾನು ಇಂಗ್ಲಿಷಿನಲ್ಲಿ ಹೇಳಿದೆ. ಅವರು ಬರೆದು, ಪ್ಯಾನೆಲ್‌ನ ಬಾಗಿಲಿಗೆ ಅಂಟಿಸುವವರೆಗೂ ಅಪ್ಪ ಅಲ್ಲೇ ನಿಂತಿದ್ದರು.